ವಿರಾಜಪೇಟೆಯ ಸಮುದ್ರ

ಕೊಡಗಿನ ವಿರಾಜಪೇಟೆಗೆ ಸಮುದ್ರವಿದೆ, ಅದು ಎಂಬತ್ತು ಕಿಲೋಮೀಟರ್ ಆಚೆ, ಕೇರಳದಲ್ಲಿದೆ ಎಂಬುದಷ್ಟೇ ತೊಡಕು. ಪೆರುಂಬಾಡಿ ದಾಟಿ, ಮಾಕುಟ್ಟ ಘಾಟಿ ಇಳಿದು, ಕೂಟುಪುಳದಲ್ಲಿ ಗಡಿ ಹಾದು ಇರಿಟ್ಟಿ ಮುಟ್ಟಿದರೆ, ಮುಂದೆ ಕಣ್ಣೂರೋ ತಲಶ್ಶೇರಿಯೋ ಎಂಬ ಚರ್ಚೆ ಕಾರಿನೊಳಗೆ ಶುರುವಾಗುತ್ತದೆ. ಇದನ್ನು ಮನೆಯಲ್ಲೇ ತೀರ್ಮಾನಿಸಿ ಹೊರಟ ಕುಟುಂಬ ಇದ್ದರೂ ಅಪರೂಪ.

ಪೇಟೆ ಹುಟ್ಟಿದ್ದೇ ಈ ದಾರಿಯ ದೆಸೆಯಿಂದ. 1790ರಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಟಿಪ್ಪುವಿನ ವಿರುದ್ಧ ತಲಶ್ಶೇರಿಯ ಇಂಗ್ಲಿಷ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. ಮರುವರ್ಷ ಜನರಲ್ ಅಬರ್‌ಕ್ರಾಂಬಿಯ ಸೈನ್ಯ ಮಲಬಾರಿನಿಂದ ಘಟ್ಟ ಹತ್ತಿ ಬಂತು. ಇಬ್ಬರೂ ಭೇಟಿಯಾದ ನೆನಪಿಗೆ 1792ರಲ್ಲಿ ವೀರರಾಜೇಂದ್ರಪೇಟೆ ತಲೆಯೆತ್ತಿತು. ಫಿರಂಗಿ ಎಳೆದುಕೊಂಡು ಆ ಸೈನ್ಯ ಹತ್ತಿದ ಘಟ್ಟವನ್ನು ಇಂದಿನವರು ನಿಂಬೆಹಣ್ಣು ಮೂಸುತ್ತ, ‘ಇನ್ನೆಷ್ಟು ತಿರುವು’ ಎಂದು ಕೇಳುತ್ತ ಇಳಿಯುತ್ತಾರೆ. ಎರಡೂ ಕಡೆ ಬ್ರಹ್ಮಗಿರಿ ಸೀಮೆಯ ದಟ್ಟ ನಿತ್ಯಹರಿದ್ವರ್ಣ ಕಾಡು. ಪ್ರವಾಸಿಗರು ಇಲ್ಲಿ ನಿಂತು ನೋಡಬೇಕು. ಸ್ಥಳೀಯರು ನಿಲ್ಲುವುದಿಲ್ಲ, ಮಧ್ಯಾಹ್ನದ ಬಿರಿಯಾನಿ ತಪ್ಪೀತು.

ಕಣ್ಣೂರಿನ ಸೇಂಟ್ ಆಂಜೆಲೊ ಕೋಟೆಯನ್ನು 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡ ಕಟ್ಟಿಸಿದ. 1663ರಲ್ಲಿ ಅದು ಡಚ್ಚರ ಪಾಲಾಯಿತು. 1772ರಲ್ಲಿ ಅವರು ಅರಕ್ಕಲ್ ಅರಸರಿಗೆ ಮಾರಿದರು, 1790ರಲ್ಲಿ ಇಂಗ್ಲಿಷರು ಕಿತ್ತುಕೊಂಡರು. ವಂಶಪಾರಂಪರ್ಯದ ಜಮ್ಮಾ ಭೂಮಿಯ ಖಾತೆಯಲ್ಲಿ ಇನ್ನೂ ಮುತ್ತಜ್ಜನ ಹೆಸರನ್ನೇ ಹೊತ್ತು ಕಚೇರಿ ಅಲೆಯುವ ವಿರಾಜಪೇಟೆಯವರಿಗೆ ಕೋಟೆಯ ಇತಿಹಾಸಕ್ಕಿಂತ, ಅದರ ಖಾತೆ ಇಷ್ಟು ಸಲೀಸಾಗಿ ಬದಲಾದದ್ದೇ ದೊಡ್ಡ ಅಚ್ಚರಿ.

ಕಣ್ಣೂರಿಗೂ ತಲಶ್ಶೇರಿಗೂ ನಡುವೆ ಮುಳಪ್ಪಿಲಂಗಾಡ್. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಈ ಗಟ್ಟಿ ಮರಳಿನ ಮೇಲೆ ಕಾರನ್ನೇ ಓಡಿಸಬಹುದು. ತಿರುವಿಲ್ಲದ ದಾರಿ ಕಂಡು ಕೊಡಗಿನ ಚಾಲಕ ಮೊದಲು ಕಂಗಾಲಾಗುತ್ತಾನೆ. ಅಭ್ಯಾಸಬಲದಿಂದ ಹಾರ್ನ್ ಹೊಡೆಯುತ್ತಾನೆ, ಎದುರಿಗೆ ಅರಬ್ಬೀ ಸಮುದ್ರ ಬಿಟ್ಟು ಯಾರೂ ಇಲ್ಲ. ಅಲೆಯಂಚಿನವರೆಗೆ ಹೋಗಬೇಕೆಂದು ಮಕ್ಕಳು, ಉಪ್ಪುನೀರಿಗೆ ತಗಡು ತುಕ್ಕು ಹಿಡಿಯುತ್ತದೆಂದು ಅಪ್ಪ. ಅಪ್ಪನ ಮಾತು ವೈಜ್ಞಾನಿಕವಾಗಿ ಸರಿ, ಆದರೆ ನಡೆಯುವುದಿಲ್ಲ. ದಕ್ಷಿಣಕ್ಕೆ ತೆಂಗಿನ ಮರ ತುಂಬಿದ ಧರ್ಮಡಂ ದ್ವೀಪ ಕಾಣುತ್ತದೆ. ಇಳಿತದ ಹೊತ್ತಿನಲ್ಲಿ ಅಲ್ಲಿಗೆ ನಡೆದೇ ಹೋಗಬಹುದು. ಭರತದ ಸಮಯ ವಿಚಾರಿಸಿ ಹೋದವರು ನಡೆದೇ ವಾಪಸಾಗಲೂಬಹುದು.

ತಲಶ್ಶೇರಿಯ ಕೋಟೆ 1708ರದು, ಕೆಂಪುಕಲ್ಲಿನದು. ಕರಿಮೆಣಸಿನ ವ್ಯಾಪಾರದ ಕಾವಲಿಗೆ ಕಟ್ಟಿದ್ದು. ಹತ್ತಿರದ ಇಲ್ಲಿಕ್ಕುನ್ನಿನಲ್ಲಿ ಮಲಯಾಳ ನಿಘಂಟು ರಚಿಸಿದ ಪಾದ್ರಿ ಹರ್ಮನ್ ಗುಂಡರ್ಟ್ ಇದ್ದ ಬಂಗಲೆಯಿದೆ. ಅವನ ಜೊತೆಗಾರ, ‘ಮಂಗಳೂರ ಸಮಾಚಾರ’ ಪತ್ರಿಕೆಯ ಮೊಗ್ಲಿಂಗ್, ಘಟ್ಟದ ಮೇಲೆ ಕೊಡಗಿನಲ್ಲಿ ಕೆಲಸ ಮಾಡಿದವನು. ಇವೆಲ್ಲ ನೋಡತಕ್ಕವೇ. ಆದರೆ ಊರಿನ ನಿಜವಾದ ಸ್ಮಾರಕ ಕೈಮ ಅಕ್ಕಿಯ ಬಿರಿಯಾನಿ. ಅದರ ಮುಂದೆ ಸರತಿ ಯಾವತ್ತೂ ಕೋಟೆಯದಕ್ಕಿಂತ ಉದ್ದ.

ತಲಶ್ಶೇರಿ ದಾಟಿದರೆ ಸಿಗುವ ಮಾಹೆ 1954ರವರೆಗೆ ಫ್ರೆಂಚರದಾಗಿತ್ತು, ಈಗ ಪುದುಚೇರಿಗೆ ಸೇರಿದೆ. ತೆರಿಗೆ ಕಡಿಮೆಯಾದ್ದರಿಂದ ಪೆಟ್ರೋಲು ಅಗ್ಗ, ಮದ್ಯವೂ ಅಗ್ಗ. ಇಷ್ಟೊತ್ತು ನಿದ್ದೆ ಮಾಡುತ್ತಿದ್ದ ಚಿಕ್ಕಪ್ಪಂದಿರಿಗೆ ಫ್ರೆಂಚ್ ಇತಿಹಾಸದಲ್ಲಿ ಆಸಕ್ತಿ ಕೆರಳುವುದು ಇಲ್ಲೇ. ಕೊಂಡ ಮದ್ಯವನ್ನು ಗಡಿ ದಾಟಿಸುವಂತಿಲ್ಲ ಎಂಬ ನಿಯಮವನ್ನು ಚಿಕ್ಕಮ್ಮ ನೆನಪಿಸುತ್ತಾರೆ.

ಹೊರಡುವ ಕಾಲ ಯಾವುದು ಎಂಬ ಪ್ರಶ್ನೆಗೆ ಒಪ್ಪುವ ಉತ್ತರವಿಲ್ಲ. ಮಳೆಗಾಲದಲ್ಲಿ ಘಾಟಿ ಕುಸಿಯುತ್ತದೆ, 2018ರ ಜೂನ್‌ನಲ್ಲಿ ಹಾಗೇ ದಾರಿ ಬಂದಾಗಿತ್ತು. ಡಿಸೆಂಬರಿನಿಂದ ಕಾಫಿ ಕೊಯ್ಲು, ಆಳು ಸಿಕ್ಕ ದಿನ ಯಜಮಾನ ತೋಟ ಬಿಡಲಾರ. ಏಪ್ರಿಲ್‌ನಲ್ಲಿ ಮದುವೆಗಳು, ಜೊತೆಗೆ ಕರಾವಳಿಯ ಬೆವರು. ಹೀಗಾಗಿ ಸಮುದ್ರ ನೋಡುವುದು ಬಹುಮಟ್ಟಿಗೆ ಯಾರನ್ನಾದರೂ ಕಳಿಸಿಕೊಡುವ ನೆಪದಲ್ಲಿ. ಕೊಡಗಿಗೆ ರೈಲಿಲ್ಲ, ಕರಾವಳಿಯ ರೈಲು ಹಿಡಿಯಲು ತಲಶ್ಶೇರಿಗೋ ಕಣ್ಣೂರಿಗೋ ಇಳಿಯಬೇಕು. 2018ರ ಡಿಸೆಂಬರ್ 9ರಂದು ಮಟ್ಟನ್ನೂರಿನಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಗಲ್ಫಿಗೆ ಹೊರಟವರೂ ಈ ದಾರಿಗೆ ಬಂದರು. ಒಬ್ಬರು ಹಾರಲು ಏಳು ಜನ ಜೀಪು ಹತ್ತುತ್ತಾರೆ.