ರಾಡಣ್ಣನ ನಾಲ್ಕನೇ ಘಾತ

ನಮ್ಮ ಗುರುಮಠಕಲ್‌ನಲ್ಲಿ ತೊಟ್ಟಿಲಲ್ಲಿ ಕರೆದ ಹೆಸರು ಆಧಾರ್ ಕಾರ್ಡಿಗೆ, ಊರು ಕರೆದ ಹೆಸರು ಮನುಷ್ಯನಿಗೆ. ಎದುರು ಮನೆಯ ಹುಡುಗನಿಗೆ ಊರು ಇಟ್ಟ ಹೆಸರು ರಾಡಣ್ಣ. ಹುಡುಗ ಎಂದರೆ 34 ವರ್ಷದವನು. ಮದುವೆಯಾಗಿಲ್ಲ, ಹಾಗಾಗಿ ಇನ್ನೂ ಹುಡುಗ. ಹೊಸಬರು ಈ ಹೆಸರು ಕೇಳಿ, ಇವನೇನೋ ಮಳೆಗಾಲದಲ್ಲಿ ರಾಡಿಯೊಳಗೆ ಗಾಡಿ ನುಗ್ಗಿಸುವವನಿರಬೇಕು ಅಂದುಕೊಳ್ಳುತ್ತಾರೆ. ಪಾಪ, ರಾಡಿ ಕಂಡರೆ ಅವನು ಗಾಡಿ ರಿವರ್ಸ್ ತೆಗೆಯುತ್ತಾನೆ. ತೊಳೆಯುವವರು ಯಾರು?

ಅವನು ರಾಡಿನವನು. ಟಾರ್ಶನ್ ರಾಡ್.

ಅವನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಥಾರ್ ಇದೆ. 2010ರಲ್ಲಿ ಮಹೀಂದ್ರದವರು ತಂದ ಹಳೇ ಮಾದರಿ, ಕೆಎ 33 ನಂಬರಿನದು. ಅದಕ್ಕೆ ಹಿಂದೆ ಲಾರಿಗಿರುವಂಥ ಪಾಟಾ, ಮುಂದೆ ಎಡಕ್ಕೊಂದು ಬಲಕ್ಕೊಂದು ಟಾರ್ಶನ್ ರಾಡ್. 2020ರ ಅಕ್ಟೋಬರ್ 2ಕ್ಕೆ ಬಂದ ಹೊಸ ಥಾರಿಗೆ ಮುಂದೆ ಸುರುಳಿ ಸ್ಪ್ರಿಂಗ್. ಹೊಸ ಥಾರ್ ಕೊಂಡವರನ್ನು ಕಂಡರೆ ರಾಡಣ್ಣನಿಗೆ ಕನಿಕರ. "ಪಾಪ ಸರ, ಅವರಿಗೆ ತಿರುವ್ಲಾಕ ಬೋಲ್ಟೇ ಇಲ್ಲ."

ಈ ರಾಡ್ ಅಂದರೆ ಏನೆಂದು ನನಗೂ ಗೊತ್ತಿರಲಿಲ್ಲ. ಅವನು ಅದನ್ನು ನನಗೆ ಕೌದಿ ಹಿಂಡುವ ಲೆಕ್ಕದಲ್ಲಿ ಹೇಳಿದ. ಒಗೆದ ಕೌದಿಯನ್ನು ಒಬ್ಬರೇ ಹಿಂಡುವುದಾಗುವುದಿಲ್ಲ. ಆ ತುದಿ ಒಬ್ಬರು ಅಲುಗಾಡದ ಹಾಗೆ ಹಿಡಿದಿರಬೇಕು, ಈ ತುದಿಯವರು ತಿರುವಬೇಕು. ಕೈ ಸಡಿಲ ಬಿಟ್ಟರೆ ಕೌದಿ ಗಿರ್ರನೆ ಹಿಂದಕ್ಕೆ ತಿರುಗುತ್ತದೆ. ಗಾಡಿಯಲ್ಲಿ ಆ ತುದಿ ಹಿಡಿಯುವುದು ಚಾಸಿ, ಈ ತುದಿ ತಿರುವುವುದು ಗಾಲಿಯ ತೋಳು, ನಡುವೆ ಕೌದಿಯ ಬದಲು ಉಕ್ಕಿನ ಸಲಾಕೆ. ಗಾಲಿ ಕಲ್ಲು ಹತ್ತಿದರೆ ಸಲಾಕೆ ಹುರಿಗೊಳ್ಳುತ್ತದೆ, ಇಳಿದರೆ ಬಿಚ್ಚಿಕೊಳ್ಳುತ್ತದೆ. ಇಷ್ಟೇ.

ಇಷ್ಟನ್ನೇ ಅವನು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಹೇಳುವಾಗ ಎರಡು ಪ್ಲೇಟ್ ಸುಸಲಾ, ನಾಲ್ಕು ಚಹಾ ಆಗುತ್ತವೆ. ಜರ್ಮನಿಯ ಪೋರ್ಶೆ ಸಾಹೇಬ 1931ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡದ್ದು, ಆಮೇಲೆ ಬೀಟಲ್ ಕಾರಿಗೆ ಹಾಕಿದ್ದು, ನಮ್ಮ ಸೈನ್ಯದ ಟಿ-72 ಟ್ಯಾಂಕಿನ ಹೊಟ್ಟೆಯ ಕೆಳಗೂ ಇವೇ ರಾಡುಗಳಿರುವುದು. "ಟ್ಯಾಂಕಿಗೂ ನಮ್ಮ ಗಾಡಿಗೂ ಬೀಗಸ್ತನ ಅದ ನೋಡ್ರಿ" ಅಂತ ಒಮ್ಮೆ ಮೇಜು ಕುಟ್ಟಿ ಹೇಳಿದ. ಪಕ್ಕದಲ್ಲಿ ನಾರಾಯಣಪೇಟೆಗೆ ಟವೇರಾ ಹೊಡೆಯುವ ಡ್ರೈವರ್ ಮಿರ್ಚಿ ಕಡಿಯುತ್ತಿದ್ದ. ರಾಡಣ್ಣ ಅವನ ಕಡೆ ತಿರುಗಿ, "ಅಣ್ಣಾ, ನಿಂದ್ರಾಗೂ ಮುಂದ ಟಾರ್ಶನ್ ರಾಡೇ ಅದ, ಗೊತ್ತೇನ್?" ಅಂದ. ಡ್ರೈವರ್ ಮಿರ್ಚಿಯ ತೊಟ್ಟು ಬದಿಗಿಟ್ಟು, "ಹೌದಾ? ಹನ್ನೆರಡು ವರ್ಷ ಆತು, ದಿನಾ ಹದಿನಾಕು ಮಂದಿ ಹಾಕ್ಕೊಂಡು ಹೋಗ್ತೀನಿ. ಒಂದಿನಾ ಅದು ಏನೂ ಅಂದಿಲ್ಲ" ಅಂದ. ರಾಡಣ್ಣನಿಗೆ ಆ ದಿನ ಮೂರನೇ ಚಹಾ ರುಚಿಸಲಿಲ್ಲ.

ಥಾರ್ ಬಂದ ಮೊದಲ ತಿಂಗಳಲ್ಲೇ ಅವನು ಬೋಲ್ಟ್ ತಿರುವಿ ತಿರುವಿ ಮುಂದಿನ ಭಾಗವನ್ನು ಎರಡು ಇಂಚು ಏರಿಸಿಬಿಟ್ಟಿದ್ದ. ಹಿಂದಿನ ಪಾಟಾದ ಕೆಳಗೂ ಏನೋ ತುರುಕಿಸಿ ಸಮ ಮಾಡಿಸಿದ. ಗಾಡಿ ಎತ್ತರವಾಯಿತು, ಅವನ ತಾಯಿ ಗಿಡ್ಡವಾದಳು. ಮೊದಲ ಸಲ ಹತ್ತಲು ಹೋಗಿ, ಬಾಗಿಲ ಹಿಡಿ ಹಿಡಿದು ನಿಂತು, "ಏನಪಾ, ಅಂಬಾರಿ ಮಾಡೀ. ಮಾವುತ ಎಲ್ಲಿ?" ಅಂತ ಕೇಳಿದಳು. ಅಂದಿನಿಂದ ಥಾರಿನ ಹಿಂದಿನ ಸೀಟಿನ ಕೆಳಗೆ ಒಂದು ಕಟ್ಟಿಗೆಯ ಮಣಿ ಕಾಯಂ. ಅವ್ವ ಹತ್ತುವಾಗ ಮಣಿ ಕೆಳಗೆ, ಹತ್ತಿದ ಮೇಲೆ ಮಣಿ ಮೇಲೆ. ಗಾಡಿಗೆ ಅವನು ಹೊರಗಿನಿಂದ ಹಾಕಿಸಿದ ಸಾಮಾನುಗಳಲ್ಲಿ ದಿನಾ ಉಪಯೋಗಕ್ಕೆ ಬರುವುದು ಅದೊಂದೇ.

ಏರಿಸಿದ ಮೇಲೆ ಸುಖ ಹೋಯಿತು. ಸಣ್ಣ ಗುಂಡಿಗೂ ಮುಂದೆ ಕಟ್ ಅಂತ ಸದ್ದು, ಟೈರಿನ ಒಂದು ಅಂಚು ಬೋಳು. ನಮ್ಮೂರ ಮಿಸ್ತ್ರಿ ಚಾಚಾ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಚಾಚಾ ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ಸರಿದರು. ನಾನು ಬಗ್ಗಿ ನೋಡಿದೆ. ಹೆಬ್ಬೆರಳಿಗಿಂತ ಕೊಂಚ ದಪ್ಪನೆಯ ಸಲಾಕೆ, ಮೈತುಂಬ ನಮ್ಮ ಕೆಂಪು ಮಣ್ಣು, ತುದಿಯಲ್ಲಿ ಸಣ್ಣ ಸಣ್ಣ ಹಲ್ಲು, ಆ ಹಲ್ಲು ಕಚ್ಚಿಕೊಂಡ ಒಂದು ಕಬ್ಬಿಣದ ಕೈ, ಆ ಕೈಯನ್ನು ಕೆಳಗಿನಿಂದ ಒತ್ತಿ ಹಿಡಿದ ಉದ್ದನೆಯ ಬೋಲ್ಟು. ಬೋಲ್ಟಿನ ಚೂಡಿ ಪೂರಾ ಮುಗಿದಿತ್ತು. ಸಲಾಕೆಯ ಮೇಲೆ ಪೈಪ್ ಪಾನಾ ಹಚ್ಚಿದ ಗೆರೆಯೂ ಕಂಡಿತು. ಚಾಚಾ ಅದನ್ನು ಬೆರಳಿನಿಂದ ಸವರಿ ಸಿಟ್ಟಾದರು.

"ಇದಕ್ಕ ಪಾನಾ ಯಾರು ಹಚ್ಚಿದ್ರು? ಗೆರಿ ಬಿದ್ದಲ್ಲೇ ಒಂದಿನ ಮುರೀತದ ಬೇಟಾ."

"ಚಾಚಾ, ಕಡಕ್ ಆಗ್ಲಿ ಅಂತ ಬೋಲ್ಟ್ ಬಿಗಿ ಮಾಡೀನಿ."

ಚಾಚಾ ಹೊರಗೆ ಬಂದು, ಕೈ ಒರೆಸಿಕೊಂಡು, ಗಾಡಿಯೊಳಗಿನ ಮಣಿಯ ಕಡೆ ಬೆರಳು ಮಾಡಿದರು. "ಆ ಮಣಿ ಮ್ಯಾಲ ನಿಂತ್ರ ನೀ ಎತ್ತರ ಕಾಣ್ತಿ. ಹಂಗಂತ ತಾಕತ್ತು ಬರ್ತದೇನು? ಬೋಲ್ಟ್ ತಿರುವಿದ್ರ ಗಾಡಿ ಏರ್ತದ, ರಾಡ್ ಅದೇ ರಾಡ್. ಗಾಲಿ ಈಗ ಕೆಳಗ ಇಳ್ಯಾಕ ಜಾಗಾನೇ ಇಲ್ಲ. ಗುಂಡಿ ಬಂತಂದ್ರ ನೇತಾಡ್ಕೊಂಡು ಬಡೀತದ."

ಹಾಗಾದರೆ ಬೇರೆ ರಾಡ್ ಹಾಕಿಸಬೇಕು, ದಪ್ಪನೆಯದು. ಅಲ್ಲಿಂದ ಶುರುವಾಯಿತು ಆರಿಸುವ ಕೆಲಸ. 14 ತಿಂಗಳು ನಡೆಯಿತು.

ಒಂದು ಭಾನುವಾರ ಸಂಜೆ ನೋಟುಬುಕ್ಕು ಹಿಡಿದು ನಮ್ಮ ಮನೆಗೆ ಬಂದ. ನಾನು ಗಣಿತದ ಮಾಸ್ತರ. ಊರಿನ ಎಲ್ಲ ಲೆಕ್ಕವೂ ಕೊನೆಗೆ ನನ್ನ ಕಟ್ಟೆಗೇ ಬರುತ್ತದೆ.

"ಸರ, 24 ಎಂಎಂ ರಾಡ್ ತಗದು 27 ಎಂಎಂ ಹಾಕಿದ್ರ ಎಷ್ಟ್ ಕಡಕ್ ಆಗ್ತದ?"

ಇಪ್ಪತ್ತನಾಲ್ಕಕ್ಕೆ ಮೂರು. ಎಂಟರಲ್ಲಿ ಒಂದು ಪಾಲು. ನೂರಕ್ಕೆ ಹನ್ನೆರಡೂವರೆ, ಅಂದೆ.

ಅವನು ನಕ್ಕ ನಗು ನಾನು ಎಂಟನೇ ಕ್ಲಾಸಿನ ಹುಡುಗರ ಮುಂದೆ ನಗುವ ನಗುವೇ. "ಇಲ್ರೀ ಸರ. ಇದು ವ್ಯಾಸದ ನಾಲ್ಕನೇ ಘಾತಕ್ಕ ಹೋಗ್ತದ."

ಪೆನ್ಸಿಲು ತೆಗೆದುಕೊಂಡು ಕೂತೆ. 1.125ನ್ನು ಅದರಿಂದಲೇ ಗುಣಿಸಿದರೆ ಒಂದೂಕಾಲಕ್ಕಿಂತ ತುಸು ಮೇಲೆ. ಅದನ್ನು ಮತ್ತೆ ಅದರಿಂದಲೇ ಗುಣಿಸಿದರೆ 1.6. ಬರೇ ಮೂರು ಎಂಎಂ ದಪ್ಪಕ್ಕೆ ನೂರಕ್ಕೆ ಅರವತ್ತರಷ್ಟು ಬಿರುಸು! ಉದ್ದದ ರಾಡಾದರೆ ಮೆತ್ತಗೆ, ಗಿಡ್ಡದಾದರೆ ಬಿರುಸು; ಆದರೆ ಚಾಸಿಯಲ್ಲಿ ಜಾಗ ಇರುವಷ್ಟೇ ಉದ್ದ, ಹಾಗಾಗಿ ಆಟವೆಲ್ಲ ದಪ್ಪದ್ದು. ಇಪ್ಪತ್ತೆರಡು ವರ್ಷ ಘಾತ ಕಲಿಸಿದ ನನಗೆ, ಘಾತ ಅಂದರೆ ನಿಜಕ್ಕೂ ಘಾತ ಎಂದು ಆ ಸಂಜೆ ತಿಳಿಯಿತು. ಸೋಮವಾರ ಇದೇ ಲೆಕ್ಕ ಕರಿಹಲಗೆಯ ಮೇಲೆ ಹಾಕಿದೆ. ಹಿಂದಿನ ಬೆಂಚಿನವರು ಮೊದಲ ಸಲ ಎಚ್ಚರವಾಗಿ ಕೂತಿದ್ದರು.

ಆದರೆ ಲೆಕ್ಕ ಗೊತ್ತಾದರೆ ಆರಿಸುವುದು ಮುಗಿಯಬೇಕಲ್ಲ? ನಾನು ಹಾಗೆ ತಿಳಿದಿದ್ದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನಾಯಿತು, ಹೈದರಾಬಾದಿಗೆ ಎರಡು ಸಲ ಹೋಗಿಬಂದದ್ದಾಯಿತು. ಓಲ್ಡ್ ಮ್ಯಾನ್ ಎಮು ಅಂತ ಆಸ್ಟ್ರೇಲಿಯಾದ ಬ್ರ್ಯಾಂಡ್ ಒಂದಿದೆ, ಅಲ್ಲಿನ ಮರಳುಗಾಡಿನಲ್ಲಿ ಓಡುವ ಗಾಡಿಗಳಿಗೆ ಸಾಮಾನು ಮಾಡುತ್ತದೆ, ಒಳ್ಳೇ ಹೆಸರು. ಆದರೆ ಮನೆಯಲ್ಲಿ ಆ ಹೆಸರು ತೆಗೆದದ್ದೇ ತಪ್ಪಾಯಿತು. ಎಮು ಕೋಳಿ ಸಾಕಿ ಕೈಸುಟ್ಟುಕೊಂಡಿದ್ದ ಅವನ ಸೋದರಮಾವ ಊಟದ ತಾಟು ಬಿಟ್ಟೆದ್ದು, "ಎಮು ಅಂತ ಇನ್ನೊಮ್ಮಿ ಅಂದ್ರ ಈ ಮನಿಗೆ ಬರಂಗಿಲ್ಲ ನಾ" ಅಂದರು.

ಚಾಚಾ ಕೇಳುತ್ತಿದ್ದುದು ಮಾತ್ರ ಒಂದೇ ಪ್ರಶ್ನೆ. "ಮುಂದ ಎಷ್ಟು ಭಾರ ಹೊರಸ್ತಿ?" ರಾಡ್ ಆರಿಸುವುದರ ಗುಟ್ಟೆಲ್ಲ ಅದರಲ್ಲೇ ಇದೆ. ಮುಂದೆ ಕಬ್ಬಿಣದ ಬಂಪರ್, ವಿಂಚ್, ದೊಡ್ಡ ಬ್ಯಾಟರಿ ಹೊತ್ತ ಗಾಡಿಗೆ ದಪ್ಪ ರಾಡ್. ಖಾಲಿ ಗಾಡಿಗೆ ಕಂಪನಿಯದೇ ಸಾಕು. ಖಾಲಿ ಗಾಡಿಗೆ ದಪ್ಪ ರಾಡ್ ಹಾಕಿದರೆ ಬೋಗುಣಿಯಲ್ಲಿ ಅಳ್ಳು ಹುರಿದಂತೆ ಒಳಗಿದ್ದವರು ಪುಟಿಯುತ್ತಾರೆ.

ಬೇರೆ ಯಾರಾದರೂ ಆಗಿದ್ದರೆ ತೆಳ್ಳನೆಯ ರಾಡಿಗೆ ಒಪ್ಪಿಕೊಳ್ಳುತ್ತಿದ್ದರು. ರಾಡಣ್ಣ ದಪ್ಪ ರಾಡಿಗೆ ತಕ್ಕ ಭಾರ ಹುಡುಕಲು ಹೊರಟ. ಮೊದಲು ಕಬ್ಬಿಣದ ಬಂಪರ್ ಬಂತು. ಅದು ಸಾಲದೆ ವಿಂಚ್. ಗಾಡಿಯ ಮೂತಿ ಅರ್ಧ ಇಂಚು ಕುಸಿಯಿತು. ಅವನು ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆದು, ಗೆದ್ದವನ ಮುಖ ಮಾಡಿಕೊಂಡು ನನ್ನ ಕರೆದ. "ನೋಡ್ರಿ ಸರ, ಕುಂತದ! ಈಗ 27 ಸಾಲ್ದು. 28 ಬೇಕೇನೋ." ಮತ್ತೆ ಪೆನ್ಸಿಲು, ಮತ್ತೆ ನಾಲ್ಕನೇ ಘಾತ.

ಆ ವಿಂಚಿನ ಹಗ್ಗ ಇವತ್ತಿನವರೆಗೆ ಯಾವ ಗಾಡಿಯನ್ನೂ ಎಳೆದಿಲ್ಲ. ದೀಪಾವಳಿಯ ಮುಂದೆ ಅವನ ಅವ್ವ ಮನೆಯ ಕೌದಿಗಳನ್ನೆಲ್ಲ ಒಗೆದಾಗ, ಬಂಪರಿನಿಂದ ಬೇವಿನ ಗಿಡದವರೆಗೆ ಅದನ್ನು ಬಿಗಿದು ಏಳು ಕೌದಿ ಒಣಹಾಕಿದ್ದಳು. "ಹಗ್ಗ ಛಲೋ ಅದ, ಜೋತು ಬೀಳಂಗಿಲ್ಲ" ಎಂದು ಓಣಿಗೆಲ್ಲ ಹೊಗಳಿದಳು.

ದಾರಿಯಿಲ್ಲದ ದಾರಿಗೆ ಇವನು ಹೋಗುವುದೇ ಇಲ್ಲವೆಂದರೆ ತಪ್ಪಾದೀತು. ನಜರಾಪುರದ ದಬದಬಿ ಜಲಪಾತಕ್ಕೆ ಹೋಗುತ್ತಾನೆ; ಡಾಂಬರು ಮುಗಿಯುವಲ್ಲಿ ನಿಲ್ಲಿಸಿ ನಡೆದು ಹೋಗುತ್ತಾನೆ. ಶಹಾಪುರಕ್ಕೆ ಹೋಗಿ ಮಲಗಿದ ಬುದ್ಧನಂತಿರುವ ಗುಡ್ಡವನ್ನು ಹಿಂದಿಟ್ಟುಕೊಂಡು ಫೋಟೊ ತೆಗೆಸಿಕೊಂಡಿದ್ದಾನೆ. ಗಾಡಿಯ ಎತ್ತರದಲ್ಲಿ ಬುದ್ಧನ ಮೂಗು ಮುಚ್ಚಿಹೋಗಿದೆ. ಸುರಪುರದ ಕಡೆ ಎರೆಹೊಲದಲ್ಲಿ ಮಳೆ ಬಂದ ಮಾರನೇ ದಿನ ಹೋಗೋಣವೆಂದು ಗೆಳೆಯರು ಕರೆದಾಗ, ಅಲ್ಲಿಯ ಮಣ್ಣು ಟೈರಿಗೆ ಹತ್ತಿದರೆ ಎತ್ತೇ ನಿಂತುಬಿಡುತ್ತವೆ, ರಾಡ್ ಬದಲಿಸದೆ ಬರುವುದಿಲ್ಲ ಎಂದ. ಉಳಿದಂತೆ ಅವನ ಸಾಹಸಕ್ಕೆ ಮನೆಯ ಮುಂದೆ ಒಂದು ಕಲ್ಲುಬಂಡೆ ಇದೆ. ಟ್ರ್ಯಾಕ್ಟರಿನಲ್ಲಿ ತರಿಸಿದ್ದು. ಸಂಜೆ ಎಡಗಡೆಯ ಮುಂದಿನ ಗಾಲಿಯನ್ನು ಅದರ ಮೇಲೆ ಹತ್ತಿಸಿ ನಿಲ್ಲಿಸುತ್ತಾನೆ. ನಾಯಿಯೊಂದು ಕಂಬದ ಹತ್ತಿರ ಕಾಲೆತ್ತಿದಂತೆ ಕಾಣುತ್ತದೆ ಎಂದು ನನ್ನ ಹೆಂಡತಿ ಹೇಳಿದ ಮೇಲೆ ನನಗೆ ಬೇರೆ ಥರ ಕಾಣುವುದೇ ಇಲ್ಲ.

ಇಲ್ಲಿ ಅವನ ಅಪ್ಪನ ವಿಷಯ ಹೇಳಬೇಕು. ಆ ಹಿರಿಯರು ಎತ್ತು ಆರಿಸುವುದರಲ್ಲಿ ಹೆಸರಾದವರು. ದನದ ಸಂತೆಗೆ ಹೋದರೆ ಹಲ್ಲು ಎಣಿಸಿ, ಗೊರಸು ತಟ್ಟಿ, ಬೆನ್ನಿನ ಸುಳಿ, ನೆತ್ತಿಯ ಸುಳಿ ನೋಡಿ, ಬಾಲ ತಿರುವಿ, ನಾಲ್ಕು ಹೆಜ್ಜೆ ನಡೆಸಿ, "ಎತ್ತು ಬೇಷದ, ಆದ್ರ ಬಲಗಣ್ಣಿನ್ಯಾಗ ಸಿಟ್ಟದ" ಎಂದು ಮುಂದೆ ಹೋಗುವರು. ಮೂರು ವರ್ಷ ಹೀಗೆ ತಿರುಗಿ ಅವರು ಸಂತೆಯಿಂದ ತಂದದ್ದು ಎರಡು ಮೂಗುದಾರ, ಒಂದು ಜೊತೆ ಗೊಂಡೆ, ಒಂದು ಬಾರುಕೋಲು. ಹೊಲವನ್ನು ಪಕ್ಕದವರ ಎತ್ತು ಉತ್ತವು. ಆದರೆ ಊರಲ್ಲಿ ಯಾರೇ ಎತ್ತು ಕೊಳ್ಳಲಿ, ಇವರನ್ನು ಕರೆದುಕೊಂಡೇ ಹೋಗುತ್ತಿದ್ದರು. ಮಗನಿಗೂ ಈಗ ಹಾಗೇ ಆಗಿದೆ. ಯಾರಾದರೂ ಹಳೇ ಗಾಡಿ ತಗೊಳ್ಳುವವರಿದ್ದರೆ ಮೊದಲು ಬಗ್ಗಿ ಅಡಿ ನೋಡುವವನು ಇವನೇ.

ಕಾಯ್ದೆಯೂ ಅವನಿಗೆ ಗೊತ್ತು. ಕಂಪನಿ ಕೊಟ್ಟ ರೂಪ ಬದಲಿಸಬಾರದು ಎನ್ನುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಾಯಿಪಾಠ. ಯಾದಗಿರಿಗೆ ಹೊರಟರೆ ಹಿಂದಿನ ರಾತ್ರಿ ಬೋಲ್ಟ್ ತಿರುವಿ ಗಾಡಿ ಇಳಿಸುತ್ತಾನೆ, ಬಂದ ಮೇಲೆ ಏರಿಸುತ್ತಾನೆ. ಈ ಕಲಂ ಬರೆದವರು ಒಂದು ಗಾಡಿ ವಾರಕ್ಕೆರಡು ಸಲ ಬೆಳೆಯುತ್ತದೆ, ಕುಗ್ಗುತ್ತದೆ ಎಂದು ಎಣಿಸಿರಲಿಕ್ಕಿಲ್ಲ.

ಕೊನೆಗೂ ಕಳೆದ ತಿಂಗಳು, ಎಲ್ಲೋ ಡಿಸ್ಕೌಂಟ್ ಸಿಕ್ಕಿತೆಂದು, ಆರ್ಡರ್ ಮಾಡಿಯೇಬಿಟ್ಟ. 27. ಉದ್ದನೆಯ ಪಾರ್ಸಲ್ ಬಂದಾಗ ಓಣಿಯೇ ಸೇರಿತ್ತು. ಚಾಚಾ ಮೊದಲೇ ಬಂದು ಗಾಡಿಯನ್ನು ಜಾಕಿಗೇರಿಸಿ ಮುಂದಿನ ಗಾಲಿ ಎರಡೂ ಬಿಚ್ಚಿಟ್ಟಿದ್ದರು. ಗ್ರೀಸ್ ಕಾಗದ ಬಿಡಿಸಿದರೆ ಕಪ್ಪು ಬಣ್ಣದ ಎರಡು ಸಲಾಕೆ. ಚಾಚಾ ಒಂದರ ತುದಿ ಒರೆಸಿ ಅಲ್ಲಿ ಕೊರೆದ ಅಕ್ಷರ ನೋಡಿದರು. ಎಲ್. ಇನ್ನೊಂದರ ತುದಿ ಒರೆಸಿದರು. ಅದೂ ಎಲ್.

ನೋಡಲು ಎರಡೂ ಒಂದೇ ಅಲ್ಲವೇ, ಒಂದನ್ನು ಬಲಕ್ಕೆ ಹಾಕಿ ಅಂದೆ. ಚಾಚಾ ತಲೆಯಾಡಿಸಿದರು. ಕಾರ್ಖಾನೆಯಲ್ಲೇ ಎಡದ್ದನ್ನು ಒಂದು ಕಡೆಗೆ, ಬಲದ್ದನ್ನು ಇನ್ನೊಂದು ಕಡೆಗೆ ಹುರಿಗೊಳಿಸಿ ಪಳಗಿಸಿರುತ್ತಾರಂತೆ. ಅದಲು ಬದಲು ಹಾಕಿದರೆ ಬೇಗ ಸೋತು ಮುರಿಯುತ್ತದಂತೆ. "ಎಡಗಾಲಿನ ಚಪ್ಪಲಿ ಎರಡು ಬಂದಾವ ಮಾಸ್ಟರ್ ಸಾಬ್."

ರಾಡಣ್ಣನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ನೋಡಿದರೆ ಅಲ್ಲಿ ದುಃಖದ ಸುಳಿವೇ ಇಲ್ಲ! ಪರೀಕ್ಷೆ ಮುಂದೆ ಹೋಯಿತೆಂದು ಕೇಳಿದ ಹುಡುಗನ ಮುಖ. ಸಲಾಕೆಯನ್ನು ಮಗುವಿನಂತೆ ಕಾಗದದಲ್ಲಿ ಸುತ್ತುತ್ತ ಹತ್ತಿರ ಬಂದು ಕೇಳಿದ.

"ಹೆಂಗೂ ವಾಪಸ್ ಕಳಸೋದದ ಸರ. 26ರದು ಒಂದ್ಸಲ ಲೆಕ್ಕಾ ಮಾಡಿ ನೋಡಾಮೇನ್?"

ಅಷ್ಟರಲ್ಲಿ ಅವನ ಅವ್ವ ಚೀಲ ಹಿಡಿದು ಹೊರಗೆ ಬಂದಳು. ಯಾದಗಿರಿಯಲ್ಲಿ ತಮ್ಮನ ಮಗಳಿಗೆ ಕುಪ್ಪಸ. ಗಾಲಿಯಿಲ್ಲದ ಗಾಡಿಯನ್ನು ಒಮ್ಮೆ ನೋಡಿದಳು, ಮಗನನ್ನು ಒಮ್ಮೆ ನೋಡಿದಳು. ಹಿಂದಿನ ಬಾಗಿಲು ತೆಗೆದು ಮಣಿ ಎಳೆದುಕೊಂಡು, ರಸ್ತೆಯ ಆಚೆ ಬೇವಿನ ನೆರಳಿಗೆ ಒಯ್ದು ಹಾಕಿ ಕೂತಳು. ಹತ್ತು ನಿಮಿಷಕ್ಕೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಬಂತು. ಕಂಬಿ ಹಿಡಿದು ಸರಾಗ ಹತ್ತಿದವಳು ಕಿಟಕಿಯಿಂದ ತಲೆ ಹಾಕಿ ನನಗೆ ಕೂಗಿದಳು.

"ಮಾಸ್ತರ್, ಆ ಮಣಿ ಜರಾ ನಿಮ್ಮ ಮನ್ಯಾಗ ಇಟ್ಕೊಂಡಿರ್ರಿ. ಇಲ್ಲಂದ್ರ ಅದಕ್ಕೂ ರಾಡ್ ಹಾಕ್ತಾನ."