ಸೊಳ್ಳೆಯ ಕುಲಗೋತ್ರ

ಸೊಳ್ಳೆ ಕಚ್ಚುತ್ತೆ ಅಂತ ಒಳಗೆ ಓಡಬೇಡಿ ರಾಯರೇ, ಹೇಳಬೇಕಾಗಿರೋದೇ ಸೊಳ್ಳೆ ವಿಚಾರ. ಸೈಬೀರಿಯಾದಲ್ಲಿ ಯೆನಿಸೇ ನದಿ ದಂಡೆ ಮೇಲೆ ಕೆಟ್ ಅನ್ನೋ ಜನ ಇದಾರೆ. ಆ ಕಡೆ ಬೇಸಿಗೆ ಅಂದ್ರೆ ಸೊಳ್ಳೆಗಳದೇ ದರ್ಬಾರು. ಅವರು ಸೊಳ್ಳೆಗೆ ‘ಸೂಯ್’ ಅಂತಾರೆ.

ಅವರ ಭಾಷೆಯ ಒಡಹುಟ್ಟುಗಳೆಲ್ಲ ಸತ್ತುಹೋಗಿವೆ. ಯುಗ್, ಕೊಟ್, ಅರಿನ್, ಅಸ್ಸನ್, ಪುಂಪೊಕೊಲ್. ಫಿನ್ಲೆಂಡಿನ ಕಾಸ್ಟ್ರೆನ್ 1840ರ ದಶಕದಲ್ಲಿ ಹೋದಾಗ ಕೊಟ್ ಬಲ್ಲವರು ಸಿಕ್ಕಿದ್ದು ಐದೇ ಜನ. ಅವರನ್ನ ಕೂರಿಸಿಕೊಂಡು ವ್ಯಾಕರಣ ಬರೆದ, ಪಾಪ. ಪುಸ್ತಕ ಅಚ್ಚಾಗಿದ್ದು 1858ರಲ್ಲಿ, ಅವನು ಸತ್ತು ಆರು ವರ್ಷ ಆದಮೇಲೆ. ಇಂಥ ಹಳೇ ಪುಸ್ತಕ, ಪದಪಟ್ಟಿಗಳನ್ನ ಪಕ್ಕಪಕ್ಕ ಇಟ್ಟುಕೊಂಡೇ 1982ರಲ್ಲಿ ರಷ್ಯಾದ ಸೆರ್ಗೆಯ್ ಸ್ತರೋಸ್ತಿನ್ ಇವೆಲ್ಲದರ ಮೂಲಭಾಷೆಯನ್ನ ಮತ್ತೆ ಕಟ್ಟಿದ್ದು.

ಹೇಗೆ ಕಟ್ತಾರೆ ಅಂತೀರಾ? ನದಿಗೆ ಕೆಟ್‌ನಲ್ಲಿ ‘ಸೆಸ್’, ಕೊಟ್‌ನಲ್ಲಿ ‘ಶೆತ್’, ಅರಿನ್‌ನಲ್ಲಿ ‘ಸತ್’, ಪುಂಪೊಕೊಲ್‌ನಲ್ಲಿ ‘ತತ್’. ಈ ಸ-ಶ-ತ ಅದಲುಬದಲು ಬೇರೆ ಪದಗಳಲ್ಲೂ ಅದೇ ಕ್ರಮದಲ್ಲಿ ಬಂದರೆ ನಂಟು ನಿಜ. ಒಂದೇ ಕಡೆ ಬಂದರೆ ಕಾಕತಾಳೀಯ. ಕಟ್ಟಿದ ಮೂಲಪದದ ತಲೆ ಮೇಲೆ ಒಂದು ನಕ್ಷತ್ರ ಹಾಕ್ತಾರೆ, ಇದನ್ನ ಯಾರೂ ಕಿವಿಯಾರ ಕೇಳಿದ್ದಲ್ಲ ಅಂತ.

ಸೊಳ್ಳೆ ವಿಷಯದಲ್ಲಿ ತಕರಾರು ಇರೋದೇ ಇಲ್ಲಿ. ‘ಸೂಯ್’ ಅನ್ನೋದು ವಂಶದ ಆಸ್ತಿಯೋ, ಕಿವಿ ಹತ್ತಿರ ಬಂದು ಅದೇ ಹೇಳಿಕೊಟ್ಟಿದ್ದೋ? ನಮಗೆ ‘ಗುಂಯ್’ ಅಂತ ಕೇಳಿಸೋದು ಅವರಿಗೆ ಹಾಗೆ ಕೇಳಿಸಿರಬಹುದು. ಸದ್ದನ್ನ ಅಣಕಿಸೋ ಪದ ಎಲ್ಲಿ ಬೇಕಾದರೂ ತಾನಾಗೇ ಹುಟ್ಟುತ್ತೆ, ಅದರ ಸಾಕ್ಷಿ ನಂಬಿಕೊಂಡು ನೆಂಟಸ್ತಿಕೆ ಬೆಳೆಸೋಕಾಗಲ್ಲ.

2008ರಲ್ಲಿ ಅಮೆರಿಕದ ಎಡ್ವರ್ಡ್ ವಾಯ್ಡ ಕೆಟ್‌ಗೂ ಅಲಾಸ್ಕ ಕಡೆಯ ತ್ಲಿಂಗಿಟ್, ಅಥಬಾಸ್ಕನ್ ಭಾಷೆಗಳಿಗೂ ಸಂಬಂಧ ಇದೆ ಅಂತ ವಾದ ಹೂಡಿದರು. ಜಗಳ ಇನ್ನೂ ನಡೀತಿದೆ. ನರಭಕ್ಷಕ ರಾಕ್ಷಸನನ್ನ ಸುಟ್ಟಾಗ ಬೂದಿಯೇ ಸೊಳ್ಳೆಯಾಯಿತು ಅನ್ನೋ ಕಥೆ ತ್ಲಿಂಗಿಟ್ಟರಲ್ಲೂ ಇದೆ, ಸೈಬೀರಿಯಾದಲ್ಲೂ ಇದೆ. ಕೇಳೋಕೆ ಚೆಂದ, ಆದರೆ ಕಥೆ ಊರಿಂದೂರಿಗೆ ನಡೆದುಹೋಗುತ್ತೆ, ರಕ್ತಸಂಬಂಧ ಬೇಕಿಲ್ಲ.

ಭಾಷೆಗಳನ್ನ ತೂಗಿ ನೋಡೋಕೆ ಮಾರಿಸ್ ಸ್ವಾದೇಶ್ ಅನ್ನೋ ಭಾಷಾವಿಜ್ಞಾನಿ ನೂರು ಪದಗಳ ಪಟ್ಟಿ ಮಾಡಿದ್ದರು, ಅದರಲ್ಲಿ ರಾಜನಿಲ್ಲ, ದೇವರಿಲ್ಲ, ಸೊಳ್ಳೆಯೂ ಇಲ್ಲ. ಹೇನು ಇದೆ! ನನ್ನ ಕೇಳಿದರೆ ಅದೇ ಸರಿ. ಹೇನಿಗೆ ದನಿ ಇಲ್ಲ, ತನ್ನ ಹೆಸರನ್ನ ತಾನೇ ಹೇಳಿಕೊಡೋಕೆ ಅದಕ್ಕಾಗಲ್ಲ.