ಕಂಪೈಲರಿನ ಅಪಮೃತ್ಯು: ಒಂದು ನಿದಾನಮೀಮಾಂಸೆ

ಅಂಗೈಯಗಲದ ಗಣಕಯಂತ್ರಗಳಲ್ಲಿ ಸುಪ್ರಸಿದ್ಧವಾದ ರಾಸ್ಪ್‌ಬೆರಿ ಪೈ 2012ರಲ್ಲಿ ಆಂಗ್ಲದೇಶದಲ್ಲಿ ಅವತರಿಸಿದಂದಿನಿಂದಲೂ, ಅದರ ಗರ್ಭದಲ್ಲಿ ಕಂಪೈಲರು ಅಕಾಲಮರಣಕ್ಕೆ ಈಡಾಗುವುದೇಕೆಂಬ ಪ್ರಶ್ನೆ ಪ್ರಾಜ್ಞರ ನಿದ್ರೆಯನ್ನು ಅಪಹರಿಸುತ್ತ ಬಂದಿರುವುದರಿಂದ, ಪೂರ್ವಪಕ್ಷಗಳನ್ನು ಖಂಡಿಸಿ ಸಿದ್ಧಾಂತವನ್ನು ಸ್ಥಾಪಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಮೊದಲು ಮರಣಲಕ್ಷಣ. ಸಾಧಕನು ನಾಲ್ಕು ಕೋರುಗಳೂ ಒಂದೇ ಗಿಗಾಬೈಟ್ ರ‍್ಯಾಮೂ ಉಳ್ಳ ಮೂರನೆಯ ಪೀಳಿಗೆಯ ಪೈಯಲ್ಲಿ ಓಪನ್‌ಸಿವಿಯಂತಹ ಮಹಾಕೃತಿಯನ್ನು ಕಂಪೈಲ್ ಮಾಡಲು ಸಂಕಲ್ಪಿಸಿ, ಕೋರು ನಾಲ್ಕಿರುವಾಗ ಕೆಲಸವೂ ನಾಲ್ಕು ಕೈಯಲ್ಲಿ ಸಾಗಲೆಂಬ ಲೋಭದಿಂದ ‘ಮೇಕ್ -ಜೆ4’ ಎಂದು ಬರೆದು, ಎಂಟರ್ ಒತ್ತಿ, ಕಾಫಿಗೆ ಏಳುತ್ತಾನೆ. ಹಿಂದಿರುಗುವಷ್ಟರಲ್ಲಿ ಶೇಕಡಾಂಕ ನಿಂತಲ್ಲೇ ನಿಂತಿದೆ. ಮೌಸಿನ ಬಾಣ ಕದಲದು. ಮೂಲೆಯ ಹಸಿರು ದೀಪವು ಮಿನುಗುವುದನ್ನು ಮರೆತು ಒಂದೇ ಸಮನೆ ಉರಿಯುತ್ತಿದೆ. ಬಳಿಕ ‘ಇಂಟರ್ನಲ್ ಕಂಪೈಲರ್ ಎರರ್: ಕಿಲ್ಡ್’ ಎಂಬ ವಾಕ್ಯವೂ, ಅದರಡಿಯಲ್ಲಿ ದೋಷದ ಪೂರ್ಣ ವರದಿಯನ್ನು ದಯಮಾಡಿ ಸಲ್ಲಿಸಬೇಕೆಂಬ ಬಿನ್ನಹವೂ ಮೂಡುತ್ತವೆ. ಕೊಲೆಯಾದವನೇ ತಪ್ಪು ತನ್ನದೆಂದು ಹೇಳಿಕೆ ಬರೆದುಕೊಟ್ಟು ಪ್ರಾಣ ಬಿಡುವ ಇಂತಹ ಸೌಜನ್ಯ ಮನುಷ್ಯಲೋಕದಲ್ಲಿ ದುರ್ಲಭ.

ಈ ವಿಷಯದಲ್ಲಿ ತಾಪವಾದಿಗಳದೊಂದು ಮತವುಂಟು. ಅವರು ಫ್ಯಾನು ತರಿಸುತ್ತಾರೆ. ಆದರೆ ಉಷ್ಣತೆ 80 ಡಿಗ್ರಿ ಮೀರಿದರೆ ಪೈ ತನ್ನ ವೇಗವನ್ನು ತಗ್ಗಿಸಿಕೊಳ್ಳುವುದೇ ಹೊರತು ಕಂಪೈಲರನ್ನು ಕೊಲ್ಲದು. ವಿದ್ಯುದ್ವಾದಿಗಳ ಪಕ್ಷ ಇದಕ್ಕಿಂತ ಗೌರವಾರ್ಹ: ಬಡಕಲು ಚಾರ್ಜರಿನಿಂದ ವೋಲ್ಟೇಜು 4.63ಕ್ಕಿಂತ ಕೆಳಗಿಳಿದರೆ ತೆರೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣುವುದೂ, ಯಂತ್ರ ತಾನಾಗಿ ಮರುಹುಟ್ಟು ಪಡೆಯುವುದೂ ಅನುಭವಸಿದ್ಧವೇ. ಆದರೂ ಪವರು ಸಾಲದೆ ಸತ್ತವನು ‘ಕಿಲ್ಡ್’ ಎಂದು ಬರೆದಿಟ್ಟು ಸಾಯುವಷ್ಟು ಸಾವಧಾನನಾಗಿರಲಾರನು. ಇನ್ನು ಕಾರಣವನ್ನೇ ವಿಚಾರಿಸದೆ ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಾಗಿ ಹಾಕುವ ಪುನರ್ಜನ್ಮವಾದಿಗಳೊಡನೆ ವಾದವೇ ಸಲ್ಲದು.

ಸಿದ್ಧಾಂತವಾದರೋ ‘ಡಿಮೆಸ್ಗ್’ ಎಂಬ ಆಜ್ಞೆಯನ್ನು ಬರೆದವನಿಗೆ ಹಸ್ತಾಮಲಕ. ಅಲ್ಲಿ ‘ಔಟ್ ಆಫ್ ಮೆಮೊರಿ’ ಎಂದು ಹಂತಕನೇ ಸ್ವಹಸ್ತಾಕ್ಷರದಲ್ಲಿ ದಾಖಲಿಸಿರುತ್ತಾನೆ. ಸಿ++ ಟೆಂಪ್ಲೇಟುಗಳನ್ನು ಬಿಡಿಸುವ ‘ಸಿಸಿ1ಪ್ಲಸ್’ ಒಂದೊಂದೂ ನೂರಾರು ಮೆಗಾಬೈಟುಗಳನ್ನು ಕಬಳಿಸಬಲ್ಲದು. ನಾಲ್ಕು ಒಮ್ಮೆಗೇ ಪಂಕ್ತಿಗೆ ಕುಳಿತರೆ ರ‍್ಯಾಮು ಬರಿದಾಗಿ, ಪೈಯ ಆಪರೇಟಿಂಗ್ ಸಿಸ್ಟಮ್ಮಾದ ರಾಸ್ಪ್‌ಬಿಯನ್ ರೂಢಿಯಂತೆ ಕೊಡುತ್ತಿದ್ದ 100 ಮೆಗಾಬೈಟಿನ ಸ್ವಾಪೂ ತೀರಿ, ಲಿನಕ್ಸ್ ಕರ್ನೆಲ್ಲು ಪ್ರತಿಯೊಂದು ಪ್ರಕ್ರಿಯೆಗೂ ಅಂಕವಿತ್ತು, ಹೆಚ್ಚು ಅಂಕ ಗಳಿಸಿದವನನ್ನು ವಧಿಸುತ್ತದೆ. ಪ್ರಥಮ ಶ್ರೇಣಿಗೆ ಮರಣದಂಡನೆ ವಿಧಿಸುವ ಪರೀಕ್ಷೆ ಇದೊಂದೇ ಇರಬೇಕು.

ಚಿಕಿತ್ಸೆ ಸುಲಭ: ‘-ಜೆ4’ ಇದ್ದಲ್ಲಿ ‘-ಜೆ1’ ಎಂದು ಬರೆಯುವುದು, ಸಾಲದಿದ್ದರೆ ಸ್ವಾಪನ್ನು 2048 ಮೆಗಾಬೈಟಿಗೆ ಏರಿಸಿ, ಮೆಮೊರಿ ಕಾರ್ಡು ಸವೆಯದಂತೆ ಕೆಲಸ ಮುಗಿದೊಡನೆ ಇಳಿಸುವುದು. ಮುಗಿದ ಕಡತಗಳನ್ನು ‘ಮೇಕ್’ ಮತ್ತೆ ಕಂಪೈಲ್ ಮಾಡುವುದಿಲ್ಲವಾದ್ದರಿಂದ, ವಾಚಕಮಹಾಶಯರು ಶೋಕದ ಭರದಲ್ಲಿ ಬಿಲ್ಡ್ ಫೋಲ್ಡರನ್ನು ಅಳಿಸದಿರಬೇಕೆಂದು ಪ್ರಾರ್ಥನೆ.